ಒಳಚಿಲಕ

ಅಶ್ವತ್ಥನಿಗೆ ಸ್ನಾನ ಮಾಡಿಸುವವರು ಯಾರು ಎನ್ನುವ ಪ್ರಶ್ನೆ ಆ ಮನೆಯಲ್ಲಿ ಕಮಲಾಕ್ಷಮ್ಮನವರ ಕೈ ಮುರಿಯುವ ತನಕ ಎದ್ದೇ ಇರಲಿಲ್ಲ. ಎದ್ದಮೇಲೆ ಮಾತ್ರ ಅದು ಸುಲಭವಾಗಿ ಕೂರಲಿಲ್ಲ.

ಮನೆ ಅಂದರೆ ವಿಶಾಖಪಟ್ಟಣದ ಎಂವಿಪಿ ಕಾಲೋನಿಯಲ್ಲಿ ಎರಡನೇ ಮಹಡಿಯ ಒಂದು ಬಾಡಿಗೆ ಫ್ಲ್ಯಾಟು. ಯಜಮಾನ ಚಂದ್ರಮೌಳಿ ತುಮಕೂರು ಕಡೆಯವನು, ಬ್ಯಾಂಕಿನಲ್ಲಿ ಆಫೀಸರು. ಬ್ಯಾಂಕಿನವರು ಅವನನ್ನು ಬಹಳ ವರ್ಷಗಳಿಂದ ಆಂಧ್ರದ ಊರಿಂದೂರಿಗೆ ಎತ್ತಿ ಹಾಕುತ್ತಿದ್ದರು. ಹೆಂಡತಿ ವಿಜಯಲಕ್ಷ್ಮಿ. ಮಗಳು ಸುಮಿತ್ರಾ ಇಂಟರ್, ಅಂದರೆ ನಮ್ಮ ಕಡೆಯ ಪಿಯುಸಿ, ಓದುತ್ತಿದ್ದಳು. ಅವಳಿಗೆ ಸಿಟ್ಟು ಬಂದರೆ ತೆಲುಗು, ಹಸಿವಾದರೆ ಕನ್ನಡ. ತಾಯಿ ಕಮಲಾಕ್ಷಮ್ಮ. ಇನ್ನು ತಮ್ಮ ಅಶ್ವತ್ಥ, ಮೂವತ್ತಾರು ತುಂಬಿದವನು, ಕಿವಿಯ ಪಕ್ಕ ಆಗಲೇ ಬಿಳಿ ಕೂದಲು. ಅವನ ಬುದ್ಧಿ ನಿಧಾನ. ಹುಟ್ಟಿದಾಗ ಉಸಿರು ಕಟ್ಟಿತ್ತಂತೆ. ಮಾತು ತಡವಾಗಿ ಬಂತು, ಬಂದರೂ ಎರಡು ಮೂರು ಪದಕ್ಕೇ ನಿಂತುಬಿಡುತ್ತಿತ್ತು. ಶಾಲೆ ಅವನನ್ನು ಒಂದನೇ ತರಗತಿಯಲ್ಲೇ ಕೈಬಿಟ್ಟಿತು. ತಾಯಿ ಕೈಬಿಡಲಿಲ್ಲ.

ಎಷ್ಟರಮಟ್ಟಿಗೆ ಎಂದರೆ, ಅನ್ನ ಕಲಸಿ ಅವನ ಅಂಗೈಗೆ ತುತ್ತು ಇಡುವವರು ಅವರೇ. ಕಾಫಿಯನ್ನು ಎರಡು ಲೋಟಗಳ ನಡುವೆ ಎತ್ತೆತ್ತಿ ಸುರಿದು ಆರಿಸಿ ಕೊಡುವವರೂ ಅವರೇ. ಬಿಸಿ ಕಾಫಿ ಎಂದರೆ ಹೇಗಿರುತ್ತದೆ ಎಂದು ಆ ಗಂಡಸಿಗೆ ಗೊತ್ತೇ ಇರಲಿಲ್ಲ. ಸ್ನಾನದ ಮಾತಂತೂ ಕೇಳುವುದೇ ಬೇಡ. ಚಿಕ್ಕವನಾಗಿದ್ದಾಗ ಒಮ್ಮೆ ಬಚ್ಚಲಿನ ಒಳಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಚೀರಾಡಿದ್ದ. ಅವರಪ್ಪ ಬಾಗಿಲನ್ನೇ ಮುರಿಯಬೇಕಾಯಿತು. ಆವತ್ತಿನಿಂದ ಕಮಲಾಕ್ಷಮ್ಮ ಒಂದು ಪದ್ಧತಿ ಹಾಕಿಕೊಂಡರು. ವರ್ಗವಾಗಿ ಹೋದ ಪ್ರತಿ ಊರಿನಲ್ಲೂ ಹೊಸ ಮನೆ ಹೊಕ್ಕ ದಿನ ಹಾಲು ಉಕ್ಕಿಸುವುದು ಮೊದಲ ಶಾಸ್ತ್ರ, ಬಚ್ಚಲಿನ ಒಳಚಿಲಕ ಕೀಳಿಸುವುದು ಎರಡನೆಯದು. ಮನೆಯವರೆಲ್ಲ ತುಂಬಿದ ಬಕೆಟ್ಟನ್ನು ಬಾಗಿಲಿಗೆ ಒತ್ತರಿಸಿಟ್ಟು, ಆಗಾಗ ಕೆಮ್ಮುತ್ತಾ ಸ್ನಾನ ಮಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಬಂದ ನೆಂಟರಿಗೆ ಈ ಉಪಾಯ ಹೇಳಿಕೊಡುವುದು ವಿಜಯಲಕ್ಷ್ಮಿಯ ಪಾಲಿನ ಕೆಲಸ. ಮದುವೆಯಾದ ಹೊಸದರಲ್ಲಿ ಆಕೆ ಇದಕ್ಕಾಗಿ ಅತ್ತದ್ದೂ ಉಂಟು.

ತೊಂಬತ್ತೆರಡನೇ ಇಸವಿಯ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಮಗನ ಬೆನ್ನು ಉಜ್ಜುತ್ತಿದ್ದ ಕಮಲಾಕ್ಷಮ್ಮ ಸೋಪಿನ ನೀರಿನಲ್ಲಿ ಜಾರಿ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ಡಾಕ್ಟರು, "ಇನ್ನು ಭಾರದ ಕೆಲಸ ಬೇಡಮ್ಮಾ, ವಯಸ್ಸಾಯ್ತು" ಎಂದರು. ಡಾಕ್ಟರು ಹೇಳಿದ್ದು ನೀರಿನ ಬಿಂದಿಗೆಯ ವಿಷಯ. ಮನೆಯವರೆಲ್ಲ ತಿರುಗಿ ಅಶ್ವತ್ಥನನ್ನು ನೋಡಿದರು.

ಮೊದಮೊದಲು ಚಂದ್ರಮೌಳಿಯೇ ಸ್ನಾನ ಮಾಡಿಸಿದ. ಒಂದು ಕಣ್ಣು ಗಡಿಯಾರದ ಮೇಲೆ, ಒಂದು ಕೈಯಲ್ಲಿ ಚೊಂಬು.

"ಕಣ್ಣು! ಅಮ್ಮಾ, ಕಣ್ಣು!" ಎಂದು ಅಶ್ವತ್ಥ ಕೂಗುತ್ತಿದ್ದ.

"ಸ್ಕೂಟರ್ ತೊಳೆದ ಹಾಗೆ ತೊಳೀತೀಯಲ್ಲೋ ಅವನನ್ನ!" ಹೊರಗಿನಿಂದ ಕಮಲಾಕ್ಷಮ್ಮ.

"ನಾನು ಹೋಗದೇ ಇದ್ರೆ ಬ್ಯಾಂಕಿನ ಬಾಗಿಲು ತೆಗೆಯೋಕಾಗಲ್ಲ ಅಮ್ಮ. ಕೀ ನನ್ನ ಹತ್ರ ಇದೆ."

"ಹಾಗಾದ್ರೆ ವಿಜಯ ಮಾಡಿಸ್ಲಿ."

ಒಲೆಯ ಮುಂದಿದ್ದ ವಿಜಯಲಕ್ಷ್ಮಿ ಸೌಟು ಕೆಳಗಿಟ್ಟು ಹೊರಗೆ ಬಂದಳು. "ಅತ್ತೆ, ಅವರಿಗೆ ಬಡಿಸ್ತೀನಿ, ಬಟ್ಟೆ ಒಗೀತೀನಿ, ಜ್ವರ ಬಂದ್ರೆ ಪಕ್ಕದಲ್ಲಿ ಕೂತ್ಕೋತೀನಿ. ಇಷ್ಟು ವರ್ಷ ಯಾವುದಕ್ಕಾದ್ರೂ ಆಗಲ್ಲ ಅಂದಿದೀನಾ? ಇದೊಂದು ಬೇಡ. ಮೊನ್ನೆ ಟವೆಲ್ ಕೊಡೋಕೆ ಹೋದಾಗ ಅವರು ಮುದುರಿಕೊಂಡು ಗೋಡೆ ಕಡೆ ತಿರುಗಿದ್ರು. ಅವರಿಗೆ ನಾಚಿಕೆ ಆಗುತ್ತೆ."

"ಅವನಿಗೆ ಏನು ಗೊತ್ತಾಗುತ್ತೆ ನಾಚಿಕೆ? ಮಗು ಅದು."

"ಮಗುವಿಗೆ ಪ್ರತಿ ವಾರ ಕ್ಷೌರ ಮಾಡಿಸ್ತೀವಾ ಅತ್ತೆ?"

ಕಮಲಾಕ್ಷಮ್ಮ ಆವತ್ತು ಮಧ್ಯಾಹ್ನ ಊಟ ಮಾಡಲಿಲ್ಲ. ಎಡಗೈಯಲ್ಲಿ ಮಗನಿಗೆ ತುತ್ತು ಇಡಲು ಹೋದರು, ಎಡಗೈಯಲ್ಲಿ ಅನ್ನ ಕೊಡಬಾರದೆಂದು ಅವರೇ ಹಿಂದೆ ಸರಿದರು, ಆಮೇಲೆ ತಟ್ಟೆಯ ಮುಂದೆ ಕೂತು ಅತ್ತರು. ಅಮ್ಮ ಅಳುವುದನ್ನು ನೋಡಿ ಅಶ್ವತ್ಥನೂ ಅತ್ತ. ಅಡುಗೆಮನೆಯಲ್ಲಿ ವಿಜಯಲಕ್ಷ್ಮಿ ಅತ್ತಳು. ಪರೀಕ್ಷೆಗೆ ಓದುತ್ತಿದ್ದ ಸುಮಿತ್ರಾ, "ಅಬ್ಬಾ, ಈ ಮನೇಲಿ ಮನುಷ್ಯರು ಓದೋ ಹಾಗಿಲ್ಲ!" ಎಂದು ಪುಸ್ತಕ ಮುಚ್ಚಿ ತಾರಸಿಗೆ ಹೋದಳು.

ವಿಜಯವಾಡದ ಒಂದು ಮನೆಯ ಸುದ್ದಿ ತಂದವನು ಬ್ಯಾಂಕಿನ ಕ್ಯಾಷಿಯರ್ ರಾಮಮೋಹನ್. ಒಂದು ಭಾನುವಾರ ಕಾಫಿಗೆಂದು ಬಂದು ಕೂತವನು ಸುತ್ತು ಬಳಸದೆ ಹೇಳಿದ. "ನಮ್ಮ ತಂಗಿ ಗಂಗಾಭವಾನೀನೂ ಅಶ್ವತ್ಥಗಾರು ಇದ್ದ ಹಾಗೇ ಅಮ್ಮಾ. ಅಮ್ಮ ಹೋದಮೇಲೆ ವಿಜಯವಾಡದಲ್ಲಿ ಕೋಟೇಶ್ವರಮ್ಮಗಾರು ನಡೆಸೋ ಮನೇಲಿ ಇದಾಳೆ. ಐದು ವರ್ಷ ಆಯ್ತು. ಹಬ್ಬಕ್ಕೆ ಕರ್ಕೊಂಡು ಬಂದ್ರೆ ಮೂರನೇ ದಿನಕ್ಕೆ ನಮ್ಮನೆ ಬೇಜಾರು ಅಂತಾಳೆ."

"ಆಶ್ರಮವಾ?" ಎಂದರು ಕಮಲಾಕ್ಷಮ್ಮ. ಮುಖ ಆಗಲೇ ಕಲ್ಲಾಗಿತ್ತು.

ಅವರ ಭಯ ಸುಳ್ಳಲ್ಲ. ಹಿಂದೊಮ್ಮೆ, ಯಾವುದೋ ಊರಿನಲ್ಲಿ, ಯಾರೋ ಹೇಳಿದರೆಂದು ಅಂಥದೊಂದು ಜಾಗ ನೋಡಿ ಬಂದಿದ್ದರು. ತಲೆ ಬೋಳಿಸಿದ ಗಂಡಸರು, ಎಲ್ಲರಿಗೂ ಒಂದೇ ಬಣ್ಣದ ಅಂಗಿ, ಅಂಗಳದಲ್ಲಿ ಸಾಲಾಗಿ ಬೆತ್ತಲೆ ನಿಲ್ಲಿಸಿ ಒಬ್ಬ ಪೈಪಿನಲ್ಲಿ ನೀರು ಬಿಡುತ್ತಿದ್ದ. ಕಮಲಾಕ್ಷಮ್ಮ ಅಲ್ಲಿಂದ ಮಗನ ಕೈ ಹಿಡಿದು ಬಸ್ಸಿನ ತನಕ ಓಡಿದ್ದರು. ಮನುಷ್ಯರನ್ನು ಹಾಗೆ ಇಡುವವರ ಮೇಲೆ ಎಷ್ಟು ಸಿಟ್ಟಾದರೂ ಸಾಲದು.

"ಒಂದು ಸಲ ಬಂದು ನೋಡಿ. ಇಷ್ಟ ಇಲ್ಲದಿದ್ರೆ ಬಿಡಿ" ಎಂದ ರಾಮಮೋಹನ್.

"ಕೈ ಸರಿಹೋಗೋವರೆಗೆ ಮಾತ್ರ" ಎಂದ ಚಂದ್ರಮೌಳಿ ಅಮ್ಮನ ಮುಖ ನೋಡದೆ.

ಕೋಟೇಶ್ವರಮ್ಮನ ಮನೆ ವಿಜಯವಾಡದ ಹಳೇ ಪೇಟೆ ಒನ್ ಟೌನಿನ ಒಂದು ಗಲ್ಲಿಯಲ್ಲಿ. ಸುತ್ತ ಎಲ್ಲ ಸಗಟು ಅಂಗಡಿಗಳು. ಮೆಣಸಿನಕಾಯಿ ಮೂಟೆಗಳ ಘಾಟಿಗೆ ಗಲ್ಲಿಯ ಬಾಯಲ್ಲೇ ಎಲ್ಲರೂ ಸೀನಿದರು. ಅಶ್ವತ್ಥ ಸೀನಿ ಸೀನಿ ನಕ್ಕ. ಹಿಂದೆ ಯಾರೋ ವ್ಯಾಪಾರಿಯ ಕುಟುಂಬವಿದ್ದ ಹಳೆಯ ಮನೆ, ನಡುವೆ ತೆರೆದ ಅಂಗಳ, ಕೆಳಗೆ ಗಂಡಸರು, ಮೇಲೆ ಹೆಂಗಸರು, ಎಲ್ಲ ಸೇರಿ ಇಪ್ಪತ್ತು ಜನವೂ ಇರಲಿಲ್ಲ. ಕೋಟೇಶ್ವರಮ್ಮ ರಿಟೈರಾದ ಹೆಡ್‌ಮಿಸ್ಟ್ರೆಸ್. ದಪ್ಪ ದನಿ, ದಪ್ಪ ಕನ್ನಡಕ, ಬಳ್ಳಾರಿಯಲ್ಲಿ ಪಾಠ ಹೇಳುತ್ತಿದ್ದಾಗ ಕಲಿತ ಕನ್ನಡ. ಅವರ ಎದುರು ಚಂದ್ರಮೌಳಿ ತಾನೇ ಏನೋ ತಪ್ಪು ಮಾಡಿದವನಂತೆ ಎದ್ದು ನಿಂತ.

ಅವರು ಮನೆಯವರನ್ನು ಮಾತಾಡಿಸಲೇ ಇಲ್ಲ. ಅಶ್ವತ್ಥನ ಎದುರು ಕುರ್ಚಿ ಎಳೆದುಕೊಂಡು ಕೂತು, "ಅಶ್ವತ್ಥಗಾರು, ನಿಮಗೆ ಬೆಳಿಗ್ಗೆ ಏನು ತಿನ್ನೋಕೆ ಇಷ್ಟ?" ಎಂದು ಕೇಳಿದರು.

"ಅವನು ಇಡ್ಲಿ ತಿಂತಾನೆ, ಚಟ್ನಿ ಖಾರ ಆಗಲ್ಲ" ಎಂದರು ಕಮಲಾಕ್ಷಮ್ಮ.

"ನಾನು ಅವರನ್ನ ಕೇಳಿದೆ ಅಮ್ಮಾ."

ಅಶ್ವತ್ಥ ಅಮ್ಮನನ್ನು ನೋಡಿದ, ಕೋಟೇಶ್ವರಮ್ಮನನ್ನು ನೋಡಿದ, ಸೂರು ನೋಡಿದ. ಕೋಟೇಶ್ವರಮ್ಮ ಸುಮ್ಮನೆ ಕಾದರು. ಅಷ್ಟು ಹೊತ್ತು ಅವನ ಮಾತಿಗಾಗಿ ಯಾರೂ ಕಾದಿರಲಿಲ್ಲ. ಬಡಿಸುವ ಆತುರದಲ್ಲಿ ಎಲ್ಲರೂ ಅವನ ಉತ್ತರವನ್ನು ತಾವೇ ಹೇಳಿ ಮುಗಿಸುತ್ತಿದ್ದರು.

"ದೋಸೆ. ಬಿಸಿ" ಎಂದ ಕೊನೆಗೆ.

ಅಷ್ಟರಲ್ಲಿ ಗಂಗಾಭವಾನಿ ಸುಮಿತ್ರಾಳನ್ನು ಮನೆ ತೋರಿಸಲು ಎಳೆದುಕೊಂಡು ಹೋಗಿದ್ದಳು. ತನ್ನ ಕೋಣೆಯ ಹತ್ತಿರ ಅವಳನ್ನು ಹೊರಗೆ ನಿಲ್ಲಿಸಿ, ತಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡು, "ಈಗ ತಟ್ಟು" ಎಂದಳು. ಸುಮಿತ್ರಾ ತಟ್ಟಿದಳು. "ಯಾರು?" ಎಂದು ಗತ್ತಿನಿಂದ ಕೇಳಿ, ಹೆಸರು ಹೇಳಿದಮೇಲೆ ಬಾಗಿಲು ತೆಗೆದಳು. ಅವಳದೇ ಒಂದು ಬೀರು, ಅದಕ್ಕೆ ಅವಳದೇ ಬೀಗ. ಹಾಗೆ ಎಲ್ಲರಿಗೂ ಇತ್ತು.

ಅಡುಗೆಮನೆಯಲ್ಲಿ ನಾಳಿನ ಸಾಂಬಾರಿಗೆ ಬದನೆಯೋ ನುಗ್ಗೆಯೋ ಎಂದು ದೊಡ್ಡ ಜಗಳ ನಡೆಯುತ್ತಿತ್ತು. ಕೈ ಎತ್ತಿಸಿ ತೀರ್ಮಾನ ಮಾಡಿದರು. ಬದನೆಯವರು ಸೋತು ಮುಖ ಊದಿಸಿಕೊಂಡರು. ಕೆಲಸದವರೂ ಅದೇ ಅನ್ನ, ಅದೇ ಸಾರು, ಅದೇ ಸಾಲಿನಲ್ಲಿ ಕೂತು ತಿನ್ನುತ್ತಿದ್ದರು.

"ಕೆಲಸದವರಿಗೆ ಬೇರೆ ಅಡುಗೆ ಮಾಡಿದ ದಿನದಿಂದ ಇವರ ಸಾರು ನೀರಾಗೋಕೆ ಶುರುವಾಗುತ್ತೆ ಅಮ್ಮಾ" ಎಂದರು ಕೋಟೇಶ್ವರಮ್ಮ. ಮನೆಯ ಹುಳುಕನ್ನೂ ಮುಚ್ಚಿಡಲಿಲ್ಲ. ಬೇಸಿಗೆಯಲ್ಲಿ ನೀರು ಸಾಲದು. ರಾತ್ರಿ ಪಾಳಿಗೆ ಜನ ಸಿಗುವುದು ಕಷ್ಟ. ಕಳೆದ ವರ್ಷ ಜಗನ್ಮೋಹನ್ ಎನ್ನುವವನು ಮಾರ್ಕೆಟ್ಟಿನಲ್ಲಿ ತಪ್ಪಿಸಿಕೊಂಡು ಸಂಜೆ ಪೊಲೀಸರ ಜೊತೆ ಬಂದ. "ಆಮೇಲೂ ಮಾರ್ಕೆಟ್ಟಿಗೆ ಹೋಗ್ತಾನೆ. ವಿಳಾಸ ಹೇಳೋದು ಕಲಿತಿದಾನೆ."

ಕಮಲಾಕ್ಷಮ್ಮ ಸ್ನಾನದ ಕೋಣೆ ನೋಡಿ ಬೆಚ್ಚಿದರು. "ಒಳಚಿಲಕ ಇದೆಯಲ್ಲ!"

"ಇರಬೇಕಲ್ಲ. ಇದು ಬೇರೆ ಥರದ್ದು. ಒಳಗೆ ಏನಾದ್ರೂ ಆದ್ರೆ ಹೊರಗಿನಿಂದ ಒಂದು ಕಾಸಿಟ್ಟು ತಿರುಗಿಸಿದ್ರೆ ತೆರೆದುಕೊಳ್ಳುತ್ತೆ. ಒಬ್ಬರಿಗೆ ಫಿಟ್ಸ್ ಬಂದಾಗ ಮಾತ್ರ ತೆಗೆದಿದೀವಿ. ಸುಮ್ಮನೆ ತೆಗೆಯೋ ಹಾಗಿಲ್ಲ."

"ನಮ್ಮ ಅಶ್ವತ್ಥನಿಗೆ ಬೇಡ."

"ಬೇಕೋ ಬೇಡವೋ ಅವರು ಹೇಳಲಿ."

ಕೈ ಸರಿಹೋಗುವವರೆಗೆಂದು ಅಶ್ವತ್ಥನನ್ನು ಅಲ್ಲೇ ಬಿಟ್ಟು ಹೊರಡುವಾಗ ಇನ್ನೊಂದು ಸಂಗತಿ ಗೊತ್ತಾಯಿತು. ಭಾನುವಾರ ಬೇರೆ ಒಲೆಯಲ್ಲಿ ಮೀನು ಬೇಯಿಸುತ್ತಾರೆ, ತಿನ್ನುವುದು ಬಿಡುವುದು ಅವರವರ ಇಷ್ಟ. "ಅವರವರ ಇಷ್ಟ" ಎಂಬ ಮಾತನ್ನು ಕಮಲಾಕ್ಷಮ್ಮ ರೈಲಿನಲ್ಲಿ ವಿಶಾಖಪಟ್ಟಣದ ತನಕ ಗೊಣಗಿಕೊಂಡೇ ಬಂದರು.

ಅಶ್ವತ್ಥ ಇಲ್ಲದ ಮನೆಯಲ್ಲಿ ಎಲ್ಲರಿಗೂ ಹೊತ್ತು ಉಳಿಯಿತು, ಆ ಹೊತ್ತನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಮಲಾಕ್ಷಮ್ಮ ಎಡಗೈಯಲ್ಲೇ ಕಾಫಿ ಆರಿಸಿ, ಯಾರಿಗೂ ಬೇಡವಾದ ಆ ಲೋಟವನ್ನು ಹಿಡಿದು ನಿಲ್ಲುತ್ತಿದ್ದರು. ಪ್ಲಾಸ್ಟರ್ ಬಿಚ್ಚಿಸಿದ ವಾರವೇ ಹಟ ಹಿಡಿದು ಚಂದ್ರಮೌಳಿಯನ್ನು ಹೊರಡಿಸಿದರು. ದಸರೆ ಆಗ ತಾನೇ ಮುಗಿದಿತ್ತು.

ಅಶ್ವತ್ಥ ಅಂಗಳದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದವನು ಎದ್ದು ಬಂದ. ಹೊಟ್ಟೆ ಕರಗಿತ್ತು. ಬೈತಲೆಯನ್ನು ಬೇರೆ ಕಡೆಗೆ ತೆಗೆದಿದ್ದ. ಕಮಲಾಕ್ಷಮ್ಮ ಅವನ ಕೈ ಹಿಡಿದವರು ಹಾಗೇ ನಿಂತುಬಿಟ್ಟರು. ಮಣಿಕಟ್ಟಿನ ಮೇಲೆ ಉದ್ದಕ್ಕೆ ಸುಟ್ಟ ಗಾಯ, ಒಣಗಿ ಕಪ್ಪಾಗಿತ್ತು.

"ಇದೇನೋ ಇದು?"

"ದೋಸೆ" ಎಂದ ಅಶ್ವತ್ಥ, ಬಹುಮಾನ ತೋರಿಸುವವನ ಹಾಗೆ.

ಕೋಟೇಶ್ವರಮ್ಮ ಹೊರಗೆ ಬಂದರು. "ಕಾವಲಿ ತಾಗಿತು. ತಣ್ಣೀರು ಬಿಟ್ಟು ಡಾಕ್ಟರಿಗೆ ತೋರಿಸಿ ಮುಲಾಮು ಹಚ್ಚಿದ್ವಿ. ಅದೇ ದಿನ ಬ್ಯಾಂಕಿಗೆ ಫೋನ್ ಮಾಡಿ ಹೇಳಿದ್ದೆನಲ್ಲ."

ಕಮಲಾಕ್ಷಮ್ಮ ತಿರುಗಿ ದೊಡ್ಡ ಮಗನನ್ನು ನೋಡಿದರು. ಚಂದ್ರಮೌಳಿ ಚಪ್ಪಲಿ ನೋಡಿಕೊಂಡ. ಅಮ್ಮನಿಗೆ ಹೇಳಿದರೆ ರಂಪವಾಗುತ್ತದೆಂದು ನುಂಗಿಕೊಂಡಿದ್ದ. ಈ ದೊಡ್ಡ ಮನುಷ್ಯ ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ಸಾಲ ಮಂಜೂರು ಮಾಡುತ್ತಿದ್ದ, ಅಮ್ಮನ ಮುಂದೆ ಒಂದು ಮಾತು ಆಡಲು ಮಾತ್ರ ಧೈರ್ಯವಿರಲಿಲ್ಲ.

"ಸುಟ್ಟಮೇಲಾದ್ರೂ ಒಲೆಯಿಂದ ದೂರ ಇಟ್ರಾ ಇವನನ್ನ?" ಕಮಲಾಕ್ಷಮ್ಮ ಮಗನ ಕೈ ಬಿಡದೆ ಕೇಳಿದರು.

"ಮಾರನೇ ದಿನ ಅವರೇ ಬಂದು ನಿಂತರು. ಉದ್ದ ಹಿಡಿಯ ಮೊಗಚೋ ಕೈ ತರಿಸಿ ಕೊಟ್ಟೆ. ನಿಮ್ಮ ಕೈ ಎಷ್ಟು ಸಲ ಸುಟ್ಟಿದೆ ಅಮ್ಮಾ? ಅದಕ್ಕೆ ಯಾರಾದ್ರೂ ನಿಮ್ಮನ್ನ ಅಡುಗೆಮನೆಯಿಂದ ಹೊರಗೆ ಹಾಕಿದ್ರಾ?"

"ನಾನೂ ಅವನೂ ಒಂದೇನಾ? ನನ್ನ ಮಗನ ಮೈ ಮೇಲೆ ಒಂದು ಗೀರು ಬೀಳದ ಹಾಗೆ ಸಾಕಿದೀನಿ. ಒಂದೂವರೆ ತಿಂಗಳಿಗೆ ಸುಟ್ಟು ಹಾಕಿದ್ರಿ! ನಡಿಯೋ ಅಶ್ವತ್ಥ, ಮನೆಗೆ ಹೋಗೋಣ."

ಅವರು ಅಳುತ್ತಿದ್ದರು. ಅಮ್ಮ ಅಳುವುದನ್ನು ಅಶ್ವತ್ಥ ತಡೆಯಲಾರ. "ಅಮ್ಮನ ಜೊತೆ" ಎಂದ ಮೆಲ್ಲಗೆ. ಕೋಟೇಶ್ವರಮ್ಮ ತಡೆಯಲಿಲ್ಲ.

"ಹೋಗಿ ಬನ್ನಿ ಅಶ್ವತ್ಥಗಾರು. ನಿಮ್ಮ ಮಂಚ ನಿಮ್ಮದೇ. ನೀವು ಬೇಡ ಅನ್ನೋವರೆಗೆ ಬೇರೆಯವರಿಗೆ ಕೊಡಲ್ಲ" ಎಂದರು. ಗಲ್ಲಿಯ ತುದಿಯವರೆಗೆ ಬಂದು ರಿಕ್ಷಾ ಹತ್ತಿಸಿದರು.

ಮನೆಗೆ ಬಂದ ಮಾರನೇ ಬೆಳಿಗ್ಗೆ ಕಮಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಬಿಸಿನೀರು ತೋಡಿ ಕರೆದರು. ಅಶ್ವತ್ಥ ಬಚ್ಚಲಿನವರೆಗೆ ಬಂದ, ಬಾಗಿಲನ್ನು ಒಳಗಿನಿಂದ ನೋಡಿದ, ತಿರುಗಿ ಹೋಗಿ ಬಾಲ್ಕನಿಯಲ್ಲಿ ಕೂತ.

"ಚಿಲಕ ಇಲ್ಲ" ಎಂದ.

"ನಮ್ಮನೇಲಿ ಯಾವತ್ತೂ ಇಲ್ಲ ಕಣೋ. ಬಾ, ನೀರು ಆರಿಹೋಗುತ್ತೆ."

"ಚಿಲಕ ಇಲ್ಲ."

ಅಷ್ಟೇ. ಪುಸಲಾಯಿಸಿದರು, ಗದರಿದರು, ಹುರಿಗಡಲೆ ಉಂಡೆ ತೋರಿಸಿದರು. ಅವನು ಕೂಗಾಡಲಿಲ್ಲ, ಅಳಲಿಲ್ಲ, ಕಂಬದ ಹಾಗೆ ಕೂತಿದ್ದ. ಮಾರನೇ ದಿನವೂ ಹಾಗೇ. ಅದರ ಮಾರನೇ ದಿನವೂ. ಸಮುದ್ರದ ಊರಿನ ಬೆವರು, ಸ್ನಾನವಿಲ್ಲದ ಮೈ, ಮಡಿಯ ಮನೆ. ಕಮಲಾಕ್ಷಮ್ಮನವರ ಪೂಜೆ ನೆಟ್ಟಗಾಗಲಿಲ್ಲ. ಊಟದಲ್ಲೂ ಜಗಳ. ತುತ್ತು ಇಡಲು ಹೋದರೆ ಅವನು ಅಂಗೈ ಮುಚ್ಚಿಕೊಂಡು, ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು, ಸುತ್ತ ಚೆಲ್ಲುತ್ತಾ ತಾನೇ ಕಲಸಿ ತಿಂದ. ಆಮೇಲೆ ತಟ್ಟೆ ತೊಳೆಯಲು ಎದ್ದ. ಅಮ್ಮ ಕಿತ್ತುಕೊಂಡರು.

ಅವರಿಗೆ ಬೇರೊಂದು ಸಂಶಯ ಕೊರೆಯುತ್ತಿತ್ತು. ಕೇಳಿಯೇಬಿಟ್ಟರು. "ನಿಜ ಹೇಳು, ಅಲ್ಲಿ ಮೀನು ತಿಂದ್ಯೇನೋ?"

ಎಲ್ಲರ ಕೈ ತಟ್ಟೆಯ ಮೇಲೆ ನಿಂತಿತು.

ಅಶ್ವತ್ಥ ಯೋಚಿಸಿದ. "ಮುಳ್ಳು ಜಾಸ್ತಿ" ಎಂದ.

ಸುಮಿತ್ರಾ ನಗು ತಡೆಯಲಾರದೆ ನೀರು ನೆತ್ತಿಗೇರಿಸಿಕೊಂಡಳು. ಚಂದ್ರಮೌಳಿ ಮುಖ ಪಕ್ಕಕ್ಕೆ ತಿರುಗಿಸಿದ. ಕಮಲಾಕ್ಷಮ್ಮ ಎದ್ದು ದೇವರ ಮುಂದೆ ಹೋಗಿ ಕೂತವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾಲ್ಕನೇ ಬೆಳಿಗ್ಗೆಯೂ ಅವನು ಬಚ್ಚಲಿಗೆ ಬರದಿದ್ದಾಗ ಕಮಲಾಕ್ಷಮ್ಮ ಅವನ ರಟ್ಟೆ ಹಿಡಿದು ಎಳೆದರು. ಅಶ್ವತ್ಥ ಕೊಸರಿಕೊಂಡ. ಸುಮಿತ್ರಾ ಓಡಿಬಂದು ನಡುವೆ ನಿಂತಳು.

"ಬಿಡಜ್ಜಿ! ಚಿಕ್ಕಪ್ಪ ಕೇಳೋದರಲ್ಲಿ ತಪ್ಪೇನಿದೆ? ನನಗೂ ಬೇಕು ಚಿಲಕ!"

"ನಿನಗೇನೇ ಆಗಿದೆ?"

"ಏನಾಗಿದೆ? ಹುಟ್ಟಿದಾಗಿನಿಂದ ಬಕೆಟ್ ಅಡ್ಡ ಇಟ್ಕೊಂಡು ಸ್ನಾನ ಮಾಡ್ತಿದೀನಿ. ನನ್ನ ಫ್ರೆಂಡ್ಸ್ ಯಾರನ್ನೂ ಮನೇಲಿ ಉಳಿಸ್ಕೊಳ್ಳಲ್ಲ, ಏನಂತ ಹೇಳ್ಲಿ ಅವರಿಗೆ? ಪ್ರತಿದಿನ ಭಯ. ಯಾರಾದ್ರೂ ತಳ್ತಾರೇನೋ ಅಂತ ಭಯ. ಚಿಕ್ಕಪ್ಪನಿಗೂ ಹಾಗೇ ಆಗ್ತಿರಬೇಕು. ಇಷ್ಟು ವರ್ಷ ಬಾಯಿ ಇರಲಿಲ್ಲ, ಈಗ ಬಂದಿದೆ." ಉಳಿದದ್ದೆಲ್ಲ ಅವಳು ತೆಲುಗಿನಲ್ಲಿ ಕೂಗಿದಳು, ಕೇಳದಿದ್ದರೇ ಒಳ್ಳೆಯದು.

"ವಿಜಯ, ನೋಡೇ ನಿನ್ನ ಮಗಳ ಮಾತು" ಎಂದರು ಕಮಲಾಕ್ಷಮ್ಮ.

"ಕೇಳಿಸ್ಕೊಂಡೆ ಅತ್ತೆ. ನನಗೂ ಬೇಕು."

ಚಂದ್ರಮೌಳಿ ಶರ್ಟು ಹಾಕಿಕೊಂಡ. "ಎಲ್ಲಿಗೋ?" ಎಂದರೆ "ಬಡಗಿ ಕರೆಯೋಕೆ" ಎಂದ. ಅಮ್ಮನ ಮುಖ ನೋಡಿಯೇ ಹೇಳಿದ. "ಫೋನ್ ವಿಷಯ ಮುಚ್ಚಿಟ್ಟಿದ್ದು ನನ್ನ ತಪ್ಪಮ್ಮ. ಆದ್ರೆ ಅವನ ಕೈ ಸುಟ್ಟಿದ್ದು ತಪ್ಪಲ್ಲ."

ಬಡಗಿ ದುರ್ಗಾಪ್ರಸಾದ್ ಸುಮಿತ್ರಾ ವಿವರಿಸಿದ ಥರದ್ದೇ ಚಿಲಕವನ್ನು ಗಾಜುವಾಕದ ಒಂದು ಅಂಗಡಿಯಿಂದ ಹುಡುಕಿ ತಂದು ಜೋಡಿಸಿದ. ಹೊರಗಿನಿಂದ ಕಾಸಿಟ್ಟು ತಿರುಗಿಸಿ ತೋರಿಸಿದ. ಅಶ್ವತ್ಥ ಪಕ್ಕದಲ್ಲೇ ಕೂತು ಒಂದೊಂದು ಸ್ಕ್ರೂ ಒಳಗೆ ಹೋಗುವುದನ್ನೂ ನೋಡಿದ. ಟವೆಲ್ ಹೆಗಲಿಗೆ ಹಾಕಿಕೊಂಡು ಒಳಗೆ ಹೋದ. ಚಿಲಕ ಬಿದ್ದ ಸದ್ದು ಕೇಳಿಸಿತು.

ಕಮಲಾಕ್ಷಮ್ಮ ಬಾಗಿಲ ಎದುರು ನೆಲದ ಮೇಲೆ ಕೂತರು. ಮುಷ್ಟಿಯಲ್ಲಿ ಎಂಟಾಣೆ ಬಿಗಿಯಾಗಿ ಹಿಡಿದಿದ್ದರು. ಒಳಗೆ ನೀರಿನ ಸದ್ದು, ಚೊಂಬಿನ ಸದ್ದು, ಆಮೇಲೆ ಏನೂ ಇಲ್ಲ. ಅವರು ಎದ್ದರು.

"ಅಶ್ವತ್ಥಾ!"

ಉತ್ತರವಿಲ್ಲ. ಕಾಸು ಹಿಡಿದ ಕೈ ಬಾಗಿಲವರೆಗೆ ಹೋಯಿತು. ಅಲ್ಲೇ ನಿಂತಿತು. ತಟ್ಟಿದರು.

"ಸೋಪು ಹಚ್ಕೋತಿದೀನಿ" ಎಂದ ಒಳಗಿನಿಂದ, ಸ್ವಲ್ಪ ರೇಗಿದ ದನಿಯಲ್ಲಿ. "ಹೋಗಮ್ಮ."

ಬಹಳ ಹೊತ್ತಾದಮೇಲೆ ಅವನು ಪಂಚೆ ಉಟ್ಟು, ತಲೆ ಒರೆಸಿಕೊಂಡು ಹೊರಗೆ ಬಂದ. ಕಿವಿಯ ಹಿಂದೆ ಸೋಪಿನ ನೊರೆ ಹಾಗೇ ಇತ್ತು. ಕಮಲಾಕ್ಷಮ್ಮ ಅದನ್ನು ಒರೆಸಲು ಸೆರಗು ಎತ್ತಿ, ಇಳಿಸಿ, "ಕಿವಿ ಹಿಂದೆ ನೋಡ್ಕೋ" ಎಂದರು. ಅವನು ಕನ್ನಡಿಯ ಮುಂದೆ ಹೋಗಿ ಒರೆಸಿಕೊಂಡ.

ಆ ದಿನ ರಾತ್ರಿ ಊಟಕ್ಕೆ ಕೂತಾಗ ಅಶ್ವತ್ಥ ತಾನಾಗಿಯೇ ಮಾತಾಡಿದ. "ಸೋಮವಾರ ದೋಸೆ ನಂದು. ಜಗನ್ಮೋಹನ್ ಹಾಕಿದ್ರೆ ಹರೀತಾನೆ. ಹೋಗ್ಬೇಕು."

ಅವನ ಬಾಯಲ್ಲಿ ಅಷ್ಟು ಉದ್ದದ ಮಾತನ್ನು ಆ ಮನೆ ಕೇಳಿರಲಿಲ್ಲ. ಎಲ್ಲರೂ ಕಮಲಾಕ್ಷಮ್ಮನವರನ್ನು ನೋಡಿದರು. ಅವರು ಮಜ್ಜಿಗೆ ಅನ್ನ ಕಲಸುತ್ತಾ ಕಲಸುತ್ತಾ ಕೊನೆಗೆ, "ವಿಜಯ, ನೀನೂ ಬಾ. ನನಗೆ ಒಬ್ಬಳಿಗೇ ಬಿಟ್ಟು ಬರೋಕಾಗಲ್ಲ" ಎಂದರು.

ಒಂದು ವಾರ ಇದ್ದು ಬರುವುದೆಂದು ಅತ್ತೆ ಸೊಸೆ ಹೊರಟರು. ಕೋಟೇಶ್ವರಮ್ಮ ಮೇಲಿನ ಅತಿಥಿ ಕೋಣೆ ಕೊಟ್ಟರು. ತಾನು ಹೇಳಿದ್ದೇ ಗೆದ್ದಿತು ಎನ್ನುವ ಮುಖ ಒಮ್ಮೆಯೂ ಮಾಡಲಿಲ್ಲ. ಅಷ್ಟು ಬಾಯಿಯ ಹೆಂಗಸು ಆ ಒಂದು ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿದ್ದು ದೊಡ್ಡ ಗುಣ.

ಸೋಮವಾರ ಬೆಳಿಗ್ಗೆ ಅಶ್ವತ್ಥ ಕಾವಲಿಯ ಮುಂದೆ ನಿಂತ. ಉದ್ದ ತೋಳಿನ ಅಂಗಿ, ಸೊಂಟಕ್ಕೆ ಬಟ್ಟೆ. ಹಿಟ್ಟು ಸುರಿದು, ಸೌಟು ತಿರುಗಿಸಿ, ನಾಲಿಗೆ ಹೊರಚಾಚಿ ಕಾದು, ಮೊಗಚಿದ. ಪಕ್ಕದಲ್ಲಿ ಜಗನ್ಮೋಹನ್ ಚಟ್ನಿ ಬಡಿಸುತ್ತಾ, "ನನ್ನದು ರೋಸ್ಟ್, ನನ್ನದು ರೋಸ್ಟ್" ಎಂದು ಪೀಡಿಸುತ್ತಿದ್ದ. ಅಮ್ಮನನ್ನೂ ಸಾಲಿನಲ್ಲೇ ಕೂರಿಸಿ ಬಡಿಸಿದರು. ಅಂಚು ಸ್ವಲ್ಪ ಸೀದಿತ್ತು.

"ಹೇಗಿದೆ?" ಎಂದ ಅಶ್ವತ್ಥ.

ಅಡುಗೆಯ ವಿಷಯದಲ್ಲಿ ಕಮಲಾಕ್ಷಮ್ಮನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. "ಉಪ್ಪು ಕಮ್ಮಿ ಕಣೋ. ಇನ್ನೊಂದು ಹಾಕು."

ಅವನು ಇನ್ನೊಂದು ಹಾಕಿದ. ಗಂಗಾಭವಾನಿಗೆ, ಕೆಲಸದವರಿಗೆ, ಕೋಟೇಶ್ವರಮ್ಮನಿಗೆ ಹಾಕಿದ. ಎಲ್ಲರದೂ ಮುಗಿದಮೇಲೆ ತನ್ನದು ಹಾಕಿಕೊಂಡು, ಹೊಗೆಯಾಡುವ ಕಾಫಿ ಊದಿ ಊದಿ ಕುಡಿದ. ವಿಜಯಲಕ್ಷ್ಮಿಗೆ ಆ ಕ್ಷಣ ಮೈದುನನ ಮೇಲೆ ಬಂದ ಗೌರವ ಅವಳಿಗೆ ಬ್ಯಾಂಕಿನ ದೊ‌ಡ್ಡ ದೊಡ್ಡ ಮ್ಯಾನೇಜರುಗಳ ಮೇಲೂ ಬಂದಿರಲಿಲ್ಲ.

ಮಂಗಳವಾರ ಅವನು ಮಾರ್ಕೆಟ್ಟಿಗೆ ಹೊರಟಿದ್ದ. ಚೀಲ ಹಿಡಿದು ಅಮ್ಮನ ಹತ್ತಿರ ಬಂದು ನಿಂತು, "ನಿನ್ನ ರೈಲು ಯಾವಾಗ?" ಎಂದು ಕೇಳಿದ.

ವಿಜಯಲಕ್ಷ್ಮಿ ಅತ್ತೆಯ ಮುಖ ನೋಡಲು ಹೆದರಿದಳು.

"ಯಾಕೋ, ನಾನು ಹೋಗ್ಲಾ?" ಎಂದರು ಕಮಲಾಕ್ಷಮ್ಮ.

"ಹ್ಞೂಂ. ಕೆಲಸ ಇದೆ ನಂಗೆ" ಎಂದ ಅಶ್ವತ್ಥ. ಅವನ ದನಿಯಲ್ಲಿ ಬೇಸರವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. "ದೀಪಾವಳಿಗೆ ಬರ್ತೀನಿ."

ಆ ಮಧ್ಯಾಹ್ನದ ರೈಲಿಗೇ ಹೊರಟರು. ಅಶ್ವತ್ಥ, ಜಗನ್ಮೋಹನ್, ಜೊತೆಗೊಬ್ಬ ಕೆಲಸದವನು ಸ್ಟೇಷನ್ನಿಗೆ ಬಂದರು. ರೈಲು ಬಿಡುವ ಮೊದಲೇ ಅವನು ಕೈ ಬೀಸಿ, ಹಿಂದೆ ತಿರುಗಿ ನೋಡದೆ, ಜಗನ್ಮೋಹನನ ಜೊತೆ ಏನೋ ವಾದ ಮಾಡುತ್ತಾ ಹೊರಟುಹೋದ.

ಕಿಟಕಿಯ ಹೊರಗೆ ಗದ್ದೆಗಳು, ತಾಳೆಮರಗಳು. ರೈಲು ಗೋದಾವರಿಯ ಸೇತುವೆ ಹತ್ತಿದಾಗ ಡಬ್ಬಿಯಲ್ಲಿದ್ದವರೆಲ್ಲ ಕಿಟಕಿಗಳಿಗೆ ಬಂದು ನದಿಗೆ ಕಾಸು ಹಾಕಿ ಕೈ ಮುಗಿದರು. ಕಮಲಾಕ್ಷಮ್ಮನೂ ಹಾಕಿದರು, ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದರು. ಸೇತುವೆ ಮುಗಿದಮೇಲೆ ಸೊಸೆಯ ಕಡೆಗೆ ತಿರುಗಿದರು.

"ವಿಜಯ, ದಿನಾ ದೀಪ ಹಚ್ಚಿ ನಾನು ಏನು ಕೇಳ್ಕೋತಿದ್ದೆ ಗೊತ್ತೇನೇ ನಿನಗೆ?"

"ಶ್ಲೋಕ ಹೇಳ್ಕೋತೀರ ಅಂದುಕೊಂಡಿದ್ದೆ."

"ಶ್ಲೋಕವೂ ಇಲ್ಲ, ಗೀಕವೂ ಇಲ್ಲ. ಇವನ ಬುದ್ಧಿ ಹೀಗೇ ಅಂತ ಡಾಕ್ಟ್ರು ಹೇಳಿದ ದಿನದಿಂದ ಒಂದೇ ಕೇಳ್ಕೊಂಡಿದೀನಿ. ನನಗಿಂತ ಒಂದು ದಿನ ಮುಂಚೆ ಇವನನ್ನ ಕರ್ಕೊಂಡುಬಿಡಪ್ಪ ಅಂತ. ಹೆತ್ತ ಮಗನಿಗೆ ಸಾವು ಕೇಳಿದೀನಿ ಕಣೇ, ಒಂದು ದಿನವೂ ತಪ್ಪದ ಹಾಗೆ. ನಾನು ಹೋದಮೇಲೆ ಇವನಿಗೆ ಯಾರು ಅನ್ನೋ ಭಯ."

ವಿಜಯಲಕ್ಷ್ಮಿ ಅತ್ತೆಯ ಕೈ ಹಿಡಿದುಕೊಂಡಳು. ಅದೇ ಮುರಿದ ಕೈ, ಇನ್ನೂ ಸ್ವಲ್ಪ ಊದಿತ್ತು. ಆಮೇಲೆ ಕೇಳಿದಳು, "ಈಗ ಏನು ಕೇಳ್ಕೊಂಡ್ರಿ ಅತ್ತೆ?"

"ವಯಸ್ಸಿನ ಪ್ರಕಾರ ಕರ್ಕೋ ಅಂದೆ. ಮೊದಲು ನನ್ನ. ಅವನ ಸರದಿ ನಿಧಾನವಾಗಿ ಬರಲಿ."

ಸೆರಗಿನಿಂದ ಕಣ್ಣೊರೆಸಿಕೊಂಡು ಕಾಲು ಮಡಚಿ ನೆಟ್ಟಗೆ ಕೂತರು. "ಹಸಿವಾಗ್ತಿದೆ ಕಣೇ. ಬುತ್ತಿ ಬಿಚ್ಚು" ಎಂದರು.